ಆಡಿಟ್ ಸಾಹೇಬರಿಗೆ ಫ್ಯಾನಿನ ಗಾಳಿ

ವ್ಯಾಟ್ ಬಂದ ಹೊಸತು. ಬ್ಯಾಡಗಿಯ ನಮ್ಮ ಮೆಣಸಿನಕಾಯಿ ಅಂಗಡಿಗೆ ಆಡಿಟಿಗೆಂದು ಹಾವೇರಿಯಿಂದ ಬಂದ ತೆರಿಗೆ ಅಧಿಕಾರಿ ಖಾತೆ ಪುಸ್ತಕ ತೆರೆದರೋ ಇಲ್ಲವೋ, ಒಂದರ ಹಿಂದೊಂದು ಸೀನತೊಡಗಿದರು. ಸಾಹೇಬರಿಗೆ ಸೆಕೆಯಾಗಬಾರದೆಂದು ಅಪ್ಪ ರಾಣೆಬೆನ್ನೂರಿನಿಂದ ಹೊಸ ಟೇಬಲ್ ಫ್ಯಾನ್ ತಂದು ಜೋರಾಗಿ ಹಚ್ಚಿದ್ದರು. ಚೀಲಗಳ ಮೇಲಿನ ಖಾರದ ಧೂಳೆಲ್ಲ ಎದ್ದು ಅವರ ಮುಖಕ್ಕೇ ಬಡಿಯುತ್ತಿತ್ತು. ಹುಟ್ಟಿದಾಗಿನಿಂದ ಆ ಘಾಟಿನಲ್ಲೇ ಇದ್ದ ನಮಗೆ ಅದು ಹೊಳೆದೇ ಇರಲಿಲ್ಲ!

ಚಹಾ ಕೂಡ ಬೇಡವೆಂದು ಬಿಗುವಾಗಿ ಕುಳಿತಿದ್ದವರು ಕಣ್ಣೀರು ಸುರಿಸುತ್ತ ರಸ್ತೆಗೆ ಓಡಿದರು. ಬೇಕಂತಲೇ ಮಾಡಿದೆವು ಅಂದುಕೊಂಡರೆ ಏನು ಗತಿ ಎಂದು ಅಪ್ಪ ಬೆವರಿಬಿಟ್ಟರು. ಅಷ್ಟರಲ್ಲಿ ಅವ್ವ ಅಂಗಡಿಯ ಹಿಂದೆಯೇ ಇದ್ದ ನಮ್ಮ ಮನೆಯಿಂದ ತಂಬಿಗೆ ತುಂಬ ಮಜ್ಜಿಗೆ ತಂದಳು. ಅದನ್ನು ಕುಡಿದ ಮೇಲೆ ಸಾಹೇಬರು ನಮ್ಮ ಪಡಸಾಲೆಯಲ್ಲೇ ಕುಳಿತು ಸಂಜೆಯವರೆಗೆ ಲೆಕ್ಕ ನೋಡಿದರು. ನಡುವೆ ಮತ್ತೆ ಮಜ್ಜಿಗೆ ಕೇಳಿದವರೂ ಅವರೇ.

ಹೊರಡುವಾಗ ಅಪ್ಪನಿಗೆ ಕೈಮುಗಿದು ನಕ್ಕರು: “ನಿಮ್ಮ ಲೆಕ್ಕದಾಗ ಏನೂ ತಪ್ಪಿಲ್ರಿ ಯಜಮಾನ್ರ. ಆದ್ರ ಆ ಫ್ಯಾನಿಗೆ ಮಾತ್ರ ದಂಡ ಹಾಕಬೇಕಿತ್ತು ನೋಡ್ರಿ!”

ಆಡಿಟ್ ಎಂಬ ಹೆದರಿಕೆ ನಮ್ಮ ಮನೆಯಿಂದ ಅಂದೇ ಹೋಯಿತು. ಈಗಲೂ ನೋಟಿಸ್ ಬಂತೆಂದರೆ ಅಪ್ಪ ಪುಸ್ತಕ ತೆಗೆಯುವ ಮೊದಲು ಫ್ಯಾನನ್ನು ಅಟ್ಟಕ್ಕೇರಿಸುತ್ತಾರೆ. ಅವ್ವ ಸಾಹೇಬರು ಬರುವ ಹಿಂದಿನ ದಿನವೇ ಹೆಚ್ಚು ಹಾಲಿಗೆ ಹೆಪ್ಪು ಹಾಕುತ್ತಾಳೆ.