ಬಂಕಿನಲ್ಲಿ ಸಿಗುವ ತೋಟಾ

ಜಿಂಕೆ ಬೇಟೆಗೆ ಯಾವ ಬಂದೂಕು ಕೊಳ್ಳಲಿ ಅಂತ ಅಮೆರಿಕದ ವಿಸ್ಕಾನ್ಸಿನ್ನಿನ ಆ ಕಾಡಂಚಿನ ಊರಲ್ಲಿ ಯಾರೇ ಕೇಳಲಿ, ಹುಲ್ಡಾಳದು ಒಂದೇ ಮಾತು: “ನಮ್ಮ ಪೆಟ್ರೋಲ್ ಬಂಕಿನಲ್ಲಿ ಅದರ ತೋಟಾ ಸಿಗುತ್ತೇನಪ್ಪಾ?” ಅವಳ ಹಳೇ ಥರ್ಟಿ-ಥರ್ಟಿ ಬಂದೂಕಿನ ತೋಟಾ ಅಲ್ಲಿ ಕಾಫಿ, ಗಾಳದ ಎರೆಹುಳುಗಳ ಪಕ್ಕದಲ್ಲೇ ಇರುತ್ತದೆ. “ಅತ್ತಿಗೆ, ಆ ಬಂದೂಕನ್ನ ಮ್ಯೂಸಿಯಮ್ಮಿಗೆ ಕೊಟ್ಬಿಡಿ,” ಅಂತ ಮೈದುನ ಆರ್ವಿಡ್ ಛೇಡಿಸುತ್ತಲೇ ಇದ್ದ. ಅವನ ಹೊಸ ರೈಫಲ್ಲಿಗೆ ತೋಟಾ ದೂರದ ಪಟ್ಟಣದಿಂದಲೇ ಬರಬೇಕು. ಈ ಸಲ ಬೇಟೆ ಶುರುವಾಗುವ ಬೆಳಿಗ್ಗೆ ನೋಡಿದರೆ ಅವನ ಪೆಟ್ಟಿಗೆ ಖಾಲಿ. ಬಂಕಿನವನೂ ಇಲ್ಲವೆಂದು ತಲೆಯಾಡಿಸಿದ. ಹುಲ್ಡಾ ನಗಲಿಲ್ಲ. ಚಿಕ್ಕಂದಿನಲ್ಲಿ ಅಪ್ಪ ತೋಟಾ ಸಿಗದೆ ಬರಿಗೈಲಿ ಬಂದ ವರ್ಷ, ಚಳಿಗಾಲವಿಡೀ ಬರೀ ಆಲೂಗಡ್ಡೆ ತಿಂದು ಕಳೆದವಳು ಅವಳು. ಸಂಜೆ ಬಂಕಿನ ಮುಂದಿನ ತೊಲೆಗೆ ತನ್ನ ಹಳೇ ಬಂದೂಕಿನಿಂದ ಹೊಡೆದ, ಊರಿಗೇ ದೊಡ್ಡ ಜಿಂಕೆಯನ್ನು ತೂಗುಹಾಕಿ, “ಹಿಂದಿನ ತೊಡೆ ನಿನ್ನ ಮಕ್ಕಳಿಗೆ, ಆರ್ವಿಡ್. ಮ್ಯೂಸಿಯಮ್ಮಿನವರು ಕಳಿಸಿದ್ರು ಅಂತ ಹೇಳು!” ಅಂದಳು.