ಬದಲಾಪುರ ಲೋಕಲ್‌ನಲ್ಲಿ ನೆನೆದ ತೋಫು

ಸಂಜೆ ಮುಂಬಯಿ ಪಕ್ಕದ ಠಾಣೆಯಲ್ಲಿ ನಾನೂ ಅತ್ತಿಗೆಯೂ ಬದಲಾಪುರದ ಲೋಕಲ್ ಹತ್ತಿದೆವು. ಮಹಿಳೆಯರ ಬೋಗಿಯಲ್ಲಿ ಹೇಗೋ ಸೀಟು ಸಿಕ್ಕಿತು. ಕೂತ ಕೂಡಲೇ ಅತ್ತಿಗೆ ಚೀಲದಿಂದ ಸ್ಟೀಲಿನ ಡಬ್ಬ ತೆಗೆದು, ಅದರಲ್ಲಿದ್ದ ಸೋಯಾದ ತೋಫು ತುಂಡುಗಳಿಗೆ ಮೊಸರು, ಶುಂಠಿ-ಬೆಳ್ಳುಳ್ಳಿ, ಮೆಣಸಿನ ಪುಡಿ ಹಾಕಿ ಕಲೆಸತೊಡಗಿದರು.

“ರೈಲಲ್ಲಿ ಎಂತಕ್ಕೆ ಅತ್ತಿಗೆ?” ಎಂದೆ.

“ಡಾಕ್ಟ್ರು ನಿನ್ನ ಅಣ್ಣನಿಗೆ ಪನೀರ್ ಬೇಡ ಹೇಳಿದ್ದಾರೆ. ತೋಫು ಅಂದ್ರೆ ಅವರು ತಟ್ಟೆ ದೂಡ್ತಾರೆ. ಎರಡು ತಿಂಗಳಿಂದ ಪನೀರ್ ಅಂತ ಹೇಳಿಯೇ ಬಡಿಸುದು. ಮನೆ ಮುಟ್ಟುವಾಗ ಮಸಾಲೆ ಒಳಗೆ ಹಿಡಿದಿರ್ಬೇಕು, ಇಲ್ಲದಿದ್ರೆ ಗೊತ್ತಾಗ್ತದೆ.”

ದಿನಾ ಜತೆಗೆ ಹೋಗುವ ಹೆಂಗಸರಿಗೆಲ್ಲ ಈ ಗುಟ್ಟು ತಿಳಿದಿತ್ತು. ಒಬ್ಬರು ಹುರಿಯಲು ಬೇಕಾದ ದೊಣ್ಣೆಮೆಣಸು ಹೆಚ್ಚಿದರು, ಇನ್ನೊಬ್ಬರು ಹೂಕೋಸು ಬಿಡಿಸಿದರು. ಕಿಟಕಿ ಪಕ್ಕದ ಮರಾಠಿ ಅಜ್ಜಿ ತಮ್ಮ ಚೀಲದ ಗೋಡಾ ಮಸಾಲೆ ಒಂದು ಚಿಟಿಕೆ ಉದುರಿಸಿ, “ಆತಾ ಕಳಣಾರ್ ನಾಹೀ,” ಇನ್ನು ಗೊತ್ತಾಗುವುದಿಲ್ಲ ಎಂದು ಧೈರ್ಯ ಕೊಟ್ಟರು.

ಕಲ್ಯಾಣ್ ದಾಟಿದ ಮೇಲೆ ಅಣ್ಣನ ಫೋನು ಬಂತು. ಅತ್ತಿಗೆಯ ಕೈಯೆಲ್ಲ ಮಸಾಲೆಯಾದ್ದರಿಂದ ನಾನೇ ಸ್ಪೀಕರ್ ಹಾಕಿ ಹಿಡಿದೆ.

“ರಾತ್ರಿಗೆ ಎಂತ?”

“ಪನೀರ್,” ಎಂದರು ಅತ್ತಿಗೆ. “ತರಕಾರಿ ಒಟ್ಟಿಗೆ ಹುರಿದು.”

ಹೆಚ್ಚುತ್ತಿದ್ದ ಚಾಕು ನಿಂತಿತು.

“ಹಾಗಾದ್ರೆ ನಿಂಬೆಹುಳಿ ಸ್ವಲ್ಪ ಜಾಸ್ತಿ ಹಾಕು,” ಎಂದ ಅಣ್ಣ. “ಕಳೆದ ವಾರದ ತೋಫು ಸಪ್ಪೆ ಇತ್ತು.”

ಕನ್ನಡ ಬಾರದವರಿಗೂ ಆ ಒಂದು ಶಬ್ದ ಅರ್ಥವಾಯಿತು. ಅತ್ತಿಗೆ ಡಬ್ಬವನ್ನೊಮ್ಮೆ ನೋಡಿದರು. ಆಮೇಲೆ ತಲೆಯೆತ್ತಿ ಇಡೀ ಬೋಗಿಗೆ ಕೇಳುವಂತೆ ಅಂದರು: “ಕಿಸೀ ಕೆ ಪಾಸ್ ನಿಂಬೂ ಹೈ ಕ್ಯಾ? ಯಾರ ಹತ್ರವಾದ್ರೂ ನಿಂಬೆಹುಳಿ ಉಂಟಾ?”