ಅಪ್ಪನ ಬಿಳಿ ಅಂಗಿ ತೊಟ್ಟ ರಾಷ್ಟ್ರಾಧ್ಯಕ್ಷರು

ನಾನು ಚಿಕ್ಕವನಿದ್ದಾಗ ನನಗೆ ಇಡೀ ದುಬೈಯಲ್ಲಿ ಒಬ್ಬನ ಮೇಲೆ ಮಾತ್ರ ಹೊಟ್ಟೆಕಿಚ್ಚಿತ್ತು. ಅವನು ಎದುರು ಫ್ಲ್ಯಾಟಿನ ಹುಡುಗ, ನನ್ನದೇ ವಯಸ್ಸಿನವನು. ಅವನ ಅಪ್ಪ ಸೈನ್ಯದಲ್ಲಿ ಕರ್ನಲ್ ಆಗಿದ್ದವರು. ನನ್ನ ಅಪ್ಪ ಹೋಟೆಲೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದರು.

ನಾವಿದ್ದದ್ದು ದುಬೈಯ ಇಂಟರ್‌ನ್ಯಾಷನಲ್ ಸಿಟಿ ಎಂಬ ಬಡಾವಣೆಯಲ್ಲಿ. ಬಾಡಿಗೆ ಕಡಿಮೆಯಾದ್ದರಿಂದ ಅಲ್ಲಿ ಎಲ್ಲ ದೇಶದವರೂ ಇದ್ದರು. ಶುಕ್ರವಾರ ಮೆಟ್ಟಿಲ ಮೇಲೆ ನಿಂತರೆ ನಮ್ಮ ಮನೆಯ ಬಂಗುಡೆ ಹುರಿಯುವ ಘಮ, ಅವರ ಮನೆಯ ಶೇಂಗಾ ಸಾರಿನ ಘಮ ಎರಡೂ ಕಲೆತು ಬರುತ್ತಿದ್ದವು.

ಕರ್ನಲ್ ಆಫ್ರಿಕಾದ ಒಂದು ಪುಟ್ಟ ದೇಶದವರು. ದನ ಮೇಯಿಸುವವರ ಮಗ, ಕಷ್ಟಪಟ್ಟು ಮೇಲೆ ಬಂದವರು. ಒಮ್ಮೆ ಅಲ್ಲಿಯ ರಾಷ್ಟ್ರಾಧ್ಯಕ್ಷ, ಬೀದಿಗಿಳಿದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಲು ಆಜ್ಞೆ ಮಾಡಿದನಂತೆ. ಇವರು ಸೈನಿಕರ ಬಂದೂಕು ಕೆಳಗಿಳಿಸಿ, ಅವರನ್ನು ವಾಪಸ್ ಕರೆದುಕೊಂಡು ಹೋದರಂತೆ. ಆಮೇಲೆ ದೇಶವನ್ನೇ ಬಿಡಬೇಕಾಯಿತು. ದುಬೈಯಲ್ಲಿ ಅವರು ಒಂದು ಗೋದಾಮಿನ ಕಾವಲು ನೋಡಿಕೊಳ್ಳುತ್ತಿದ್ದರು. ಈ ಕಥೆಯನ್ನು ಅವರ ಮಗ ಹೇಳುವಾಗ ನಮ್ಮ ಅಕ್ಕ ಕಣ್ಣರಳಿಸಿ ಕೇಳುತ್ತಿದ್ದಳು. ನನಗೆ ಉರಿಯುತ್ತಿತ್ತು. ನನ್ನ ಅಪ್ಪ ಯಾರ ಆಜ್ಞೆಯನ್ನೂ ಮೀರಿದವರಲ್ಲ. ಮ್ಯಾನೇಜರ್ ಕರೆದರೆ ರಜೆಯ ದಿನವೂ ಎದ್ದು ಹೋಗುವವರು.

ಒಂದು ಶುಕ್ರವಾರ ಬೆಳಿಗ್ಗೆ ನಮ್ಮ ಕಟ್ಟಡದ ಕೆಳಗೆ ಮಿರಮಿರ ಮಿಂಚುವ ಕಪ್ಪು ಕಾರುಗಳು ಬಂದು ನಿಂತವು. ಕುಬ್ಬೂಸ್ ರೊಟ್ಟಿ ತರಲು ಹೋಗಿದ್ದ ಅಪ್ಪ ಏದುಸಿರು ಬಿಡುತ್ತ ಬಂದರು.

"ಎಂತ ಗೊತ್ತುಂಟಾ? ಅಲ್ಲಿಯ ಹಳೇ ಅಧ್ಯಕ್ಷ ಓಡಿಹೋದನಂತೆ. ಚುನಾವಣೆ ಆಗುವವರೆಗೆ ನಮ್ಮ ಕರ್ನಲೇ ರಾಷ್ಟ್ರಾಧ್ಯಕ್ಷ! ಎಲ್ಲ ಪಕ್ಷದವರೂ ನಂಬುವ ಮನುಷ್ಯ ಇವರೊಬ್ಬರೇ ಅಂತೆ. ಇವತ್ತೇ ವಿಮಾನ!"

ಅಷ್ಟರಲ್ಲಿ ಕರ್ನಲ್ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಹಳೆಯ ಸಮವಸ್ತ್ರ, ಹಿಂದೆ ಅವರ ಮಗ. ಸಮವಸ್ತ್ರದಿಂದ ನುಸಿಗುಳಿಗೆಯ ವಾಸನೆ ಬರುತ್ತಿತ್ತು. ಅಪ್ಪ ಅದಕ್ಕೆ ನೀರು ಚಿಮುಕಿಸಿ ಇಸ್ತ್ರಿ ಹಾಕತೊಡಗಿದರು. ಬಿಸಿ ಹಬೆ ಎದ್ದಿತು. ಅವನ ಅಪ್ಪ ದೇಶ ಆಳಲು ಹೊರಟಿದ್ದಾರೆ, ನನ್ನ ಅಪ್ಪ ಬಗ್ಗಿ ಅವರ ಪ್ಯಾಂಟಿನ ಗೆರೆ ಮೂಡಿಸುತ್ತಿದ್ದಾರೆ! ನಾನು ಬಾಲ್ಕನಿಗೆ ಹೋಗಿ ನಿಂತೆ.

ಒಳಗಿನಿಂದ ಕರ್ನಲ್ ತಮ್ಮ ಹರಕುಮುರುಕು ಹಿಂದಿಯಲ್ಲಿ ಹೇಳುವುದು ಕೇಳಿಸಿತು. "ಇದು ಬೇಡ ಭಾಯಿ. ಈ ಬಟ್ಟೆ ಕಂಡರೆ ನಮ್ಮಲ್ಲಿ ಮಕ್ಕಳು ಓಡಿಹೋಗುತ್ತಾರೆ. ಆದರೆ ನನ್ನ ಅಂಗಿಗಳಲ್ಲೆಲ್ಲ ಗೋದಾಮಿನ ಹೆಸರಿದೆ. ನಿಮ್ಮಲ್ಲಿ ಒಂದು ಬಿಳಿ ಅಂಗಿ ಸಿಗಬಹುದೇ?"

ಅಪ್ಪನ ಹತ್ತಿರ ಇದ್ದದ್ದು ಒಂದೇ, ಇಗರ್ಜಿಗೆ ಪ್ರಾರ್ಥನೆಗೆ ಹೋಗುವಾಗ ಹಾಕುವ ಅಂಗಿ. ಅದನ್ನೇ ಇಸ್ತ್ರಿ ಹಾಕಿ ಕೊಟ್ಟರು. ಕರ್ನಲ್ ಅದನ್ನು ತೊಟ್ಟು, ಅಪ್ಪನನ್ನು ಅಪ್ಪಿಕೊಂಡು, "ಯಲ್ಲಾ, ಹೊರಟೆ" ಎಂದು ಇಳಿದು ಹೋದರು. ಅಲ್ಲಿ ಇನ್ನೂ ಗಲಭೆ ಅಡಗದ ಕಾರಣ ಮಗನೂ ಅವನ ಅಮ್ಮನೂ ಇಲ್ಲೇ ಉಳಿದರು.

ಕಾರುಗಳು ಹೋದ ಮೇಲೆ ಅವನು ಬಾಲ್ಕನಿಗೆ ಬಂದ. ಕೆಳಗೆ ಧೂಳು ಇನ್ನೂ ಇಳಿದಿರಲಿಲ್ಲ.

"ನಿನ್ನ ಅಪ್ಪ ನಾಳೆ ಸಂಜೆ ಮನೆಗೆ ಬರ್ತಾರಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಹೂಂ."

"ದಿನಾ?"

"ದಿನಾ."

ಅವನು ನನ್ನನ್ನು ನೋಡಿದ ರೀತಿ ನನಗೆ ಚೆನ್ನಾಗಿ ಪರಿಚಯವಿತ್ತು. ನಾನು ಅವನನ್ನು ನೋಡುತ್ತಿದ್ದದ್ದು ಹಾಗೆಯೇ.

ಕರ್ನಲ್ ಪ್ರಮಾಣವಚನ ತೆಗೆದುಕೊಳ್ಳುವುದನ್ನು ಟಿವಿಯಲ್ಲಿ ನೋಡಿದೆವು. ಅಂಗಿಯ ತೋಳು ಸ್ವಲ್ಪ ಗಿಡ್ಡವಾಗಿತ್ತು. "ಅಪ್ಪನ ಅಂಗಿ! ಅಪ್ಪನ ಅಂಗಿ!" ಎಂದು ಅಕ್ಕ ಕುಣಿದಳು. ಆ ದಿನದಿಂದ ಹುಡುಗ ಪ್ರತಿ ಸಂಜೆ ನಮ್ಮ ಮನೆಗೆ ಬರತೊಡಗಿದ. ಅಪ್ಪ ಅವನನ್ನು ಪಕ್ಕದಲ್ಲೇ ಕೂರಿಸಿ, ಮೀನಿನ ಮುಳ್ಳು ಬಿಡಿಸಿ ಕೊಡುತ್ತಿದ್ದರು. ಅದು ನನ್ನ ಜಾಗ! ನನ್ನ ಹೊಟ್ಟೆ ಮತ್ತೆ ಉರಿಯಿತು.

ಕುರ್ಚಿ ಹಿಡಿದವರು ಬಿಡುವುದುಂಟೇ ಎಂದು ಕಟ್ಟಡದವರೆಲ್ಲ ನಕ್ಕರು. ಕರ್ನಲ್ ಬಿಟ್ಟರು. ಚುನಾವಣೆ ಮುಗಿಸಿ, ಗೆದ್ದವರಿಗೆ ಅಧಿಕಾರ ಒಪ್ಪಿಸಿ, ಹೆಂಡತಿ ಮಗನನ್ನು ಊರಿಗೆ ಕರೆದೊಯ್ಯಲು ಬಂದರು. ವಿಮಾನ ನಿಲ್ದಾಣದಲ್ಲಿ ಅವರು ಕಂಡದ್ದೇ ತಡ, ಹುಡುಗ ಜನರ ನಡುವೆ ನುಗ್ಗಿ, ಚಪ್ಪಲಿ ಕಳಚಿಬಿದ್ದರೂ ನಿಲ್ಲದೆ ಓಡಿದ. ನನಗೆ ಆಗಲೂ ಹೊಟ್ಟೆಕಿಚ್ಚು. ನನ್ನ ಅಪ್ಪ ಎಲ್ಲಿಗೂ ಹೋದವರಲ್ಲ. ಹಾಗೆ ಓಡುವ ಭಾಗ್ಯ ನನಗೆಲ್ಲಿ?

ಮೊಮ್ಮಕ್ಕಳೇ, ಈಗ ನಿಮ್ಮ ಮನೆಗೆ ಎದುರು ಬಾಗಿಲೇ ಇಲ್ಲ, ಲಿಫ್ಟ್ ನೇರವಾಗಿ ಹಾಲಿಗೇ ಬಂದು ನಿಲ್ಲುತ್ತದೆ. ದೂರದೂರಿನಲ್ಲಿರುವ ನಿಮ್ಮ ಅಪ್ಪ ಗೋಡೆಯಷ್ಟು ದೊಡ್ಡ ಪರದೆಯಲ್ಲಿ ಬಂದು ನಿಮ್ಮ ಜೊತೆ ಊಟ ಮಾಡುತ್ತಾನೆ. ನೀವು ತಲೆಯೆತ್ತದೆ "ಹಾಯ್" ಅನ್ನುತ್ತೀರಿ. ಆದರೆ ಮೊನ್ನೆ ಅವನು ನಿಜವಾಗಿಯೂ ಬಂದಾಗ ಇಬ್ಬರೂ ಒಬ್ಬರನ್ನೊಬ್ಬರು ತಳ್ಳಿಕೊಂಡು ಓಡಿದಿರಿ. ತಂಗಿ ಮೊದಲು ಮುಟ್ಟಿದಳೆಂದು ಅಣ್ಣ ಮುಖ ಊದಿಸಿಕೊಂಡು ಮೂಲೆ ಸೇರಿದ. ನಾನು ಗದರಲಿಲ್ಲ. ಸ್ವಲ್ಪ ಸರಿದು, ನನ್ನ ಪಕ್ಕದಲ್ಲಿ ಅವನಿಗೆ ಜಾಗ ಮಾಡಿಕೊಟ್ಟೆ.